ಬ್ರೌಸರಿಗೆ ಗಾಳಿ ಸೋಕಿದಾಗ

ತುಮಕೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ ಮೇಲೆ ಒಂದು ವಿಷಯ ಗೊತ್ತಾಯಿತು. ವೈರಸ್ ಬಂದಿದೆ ಅಂತ ಕರೆಯೋರಷ್ಟೇ ಜನ ದೆವ್ವ ಬಂದಿದೆ ಅಂತಲೂ ಕರೀತಾರೆ. ಮನಸ್ಸಿನಲ್ಲೇ ನಗ್ತಾ ಹೋಗ್ತೀನಿ. ಹೊಸ್ತಿಲು ದಾಟಿದ ಮೇಲೆ ಮಾತ್ರ ನನ್ನ ಮೈಯೂ ಜುಮ್ ಅಂದಿರ್ತದೆ.

ಕಪ್ಪು ಮದುವೆ

ಗುಬ್ಬಿಯ ಒಂದು ಮನೆಯಲ್ಲಿ ಮಗಳ ಮದುವೆ ವಿಡಿಯೋ ಹಾಕಿದ್ದರು. ಪರದೆ ಪೂರ್ತಿ ಕಪ್ಪು. ಆ ಕಪ್ಪಿನೊಳಗಿಂದ ಓಲಗ, ಬಳೆ ಸದ್ದು, ಯಾರೋ ಹೆಂಗಸು ಬಿಕ್ಕಿ ಬಿಕ್ಕಿ ಅಳೋದು.

"ಇದೇನಪ್ಪ ಅಪಶಕುನ?" ಅಂದರು ಹುಡುಗಿಯ ಅಜ್ಜಿ.

"ಏನಿಲ್ಲ ಅಜ್ಜಿ. ಬ್ರೌಸರ್ ಕಂಪನಿಗಳು ದಾಯಾದಿಗಳ ಥರ. ಒಬ್ಬರು ಒಪ್ಪಿದ ವಿಡಿಯೋ ನಮೂನೆ ಇನ್ನೊಬ್ಬರು ಒಪ್ಪಲ್ಲ. ಇದಕ್ಕೆ ಸದ್ದು ತಿಳೀತದೆ, ಚಿತ್ರ ತಿಳಿಯಲ್ಲ."

ಬೇರೆ ಬ್ರೌಸರಿನಲ್ಲಿ ತೆರೆದೆ. ಮದುಮಗ ನಿಚ್ಚಳವಾಗಿ ಕಂಡ. ಅಜ್ಜಿ ಕನ್ನಡಕ ಏರಿಸಿ ಅವನನ್ನೇ ನೋಡಿ, "ಕಪ್ಪಗಿತ್ತಲ್ಲ, ಅದೇ ಹಾಕಪ್ಪ. ವಾಸಿ," ಅಂದರು.

ಹಸಿರು ಕಣ್ಣು

ಕುಣಿಗಲ್ಲಿನ ನಿವೃತ್ತ ಮೇಷ್ಟ್ರೊಬ್ಬರ ಲ್ಯಾಪ್‌ಟಾಪ್. ಬ್ರೌಸರ್ ತೆರೆದ ತಕ್ಷಣ ಪರದೆ ಮೇಲಿನ ಕ್ಯಾಮೆರಾದ ಹಸಿರು ದೀಪ ತಾನಾಗೇ ಹೊತ್ತಿಕೊಳ್ತಿತ್ತು. "ಯಾರೋ ನಮ್ಮನ್ನೇ ನೋಡ್ತಾವ್ರೆ," ಅಂತ ಮೇಷ್ಟ್ರು ಟವೆಲ್ ಹೊದ್ದು ಕೂತಿದ್ದರು.

ನಿಜಕ್ಕೂ ಯಾವುದೋ ಜಾತಕದ ಸೈಟಿಗೆ ಅವರೇ ಕ್ಯಾಮೆರಾ ಅನುಮತಿ ಕೊಟ್ಟಿದ್ದರು. ಬ್ರೌಸರ್ ತೆರೆದಾಗೆಲ್ಲ ಆ ಪುಟವೂ ತೆರೆದುಕೊಳ್ತಿತ್ತು. ಅನುಮತಿ ತೆಗೆದು ಕ್ಯಾಮೆರಾ ಪರೀಕ್ಷಿಸಿದರೆ, ಬರೀ ಬೂದಿ ಬಣ್ಣದ ಮಂಜು.

"ಆ ಕಣ್ಣಿನ ಮೇಲೆ ನಾನೇ ವಿಭೂತಿ ಬಳಿದೆ," ಅಂದರು ಅವರ ಹೆಂಡತಿ.

"ಇನ್ನು ಒರೆಸಬಹುದಮ್ಮ, ಅನುಮತಿ ತೆಗೆದಿದೀನಿ."

"ಬೇಡ ಬುಡಿ. ನೀವು ತೆಗೆದದ್ದು ಕಣ್ಣಿಗೆ ಕಾಣಲ್ಲ. ನಾನು ಬಳಿದದ್ದು ಕಾಣ್ತದೆ."

ಅಪ್ಪನ ಹುಡುಕಾಟ

ತುಮಕೂರಿನದೇ ಮನೆ. ಯಜಮಾನರು ತೀರಿಹೋಗಿ, ತಿಥಿಯೂ ಮುಗಿದಿತ್ತು. ಅವರ ಕಂಪ್ಯೂಟರಿನ ಮುಂದೆ ಹೆಂಡತಿ, ಮಗ ಬಿಳಿಚಿಕೊಂಡು ಕೂತಿದ್ದರು. ಬ್ರೌಸರಿನಲ್ಲಿ ಅವತ್ತು ಬೆಳಗಿನ ಹುಡುಕಾಟಗಳಿದ್ದವು: "ಮಂಡಿ ನೋವಿಗೆ ಎಣ್ಣೆ", "ಮಾರ್ಕೋನಹಳ್ಳಿ ಡ್ಯಾಂ ನೀರು ಯಾವಾಗ ಬಿಡ್ತಾರೆ".

"ನಾವು ಹುಡುಕಿದ್ದಲ್ಲ ಸಾರ್," ಅಂದ ಮಗ.

"ಅವರಿಗೆ ಮಂಡಿ ನೋವಿತ್ತು," ತಾಯಿ ಪಿಸುಗುಟ್ಟಿದರು. "ಇನ್ನೂ ಹೋಗಿಲ್ಲ."

ಪುಟ ಮತ್ತೆ ತೆರೆದೆ. ಹೊಸ ಸಾಲೊಂದು ಬಂದಿತ್ತು: "ಸತ್ತವರಿಗೆ ನಮ್ಮ ಮಾತು ಕೇಳಿಸುತ್ತಾ".

ಕುರ್ಚಿ ಒಂದಡಿ ಹಿಂದಕ್ಕೆಳೆದೆ. ಆಮೇಲೆ ಹೊಳೆದು ಕೇಳಿದೆ, "ಅಪ್ಪನ ಫೋನ್ ಎಲ್ಲಿ?"

"ಕೊತ್ತಗೆರೆ ಚಿಕ್ಕಪ್ಪನಿಗೆ ಕೊಟ್ವಿ."

ಫೋನು, ಕಂಪ್ಯೂಟರು ಎರಡರಲ್ಲೂ ಇನ್ನೂ ಅಪ್ಪನದೇ ಖಾತೆ. ಅಲ್ಲಿ ಹುಡುಕಿದ್ದು ಇಲ್ಲಿ, ಇಲ್ಲಿ ಹುಡುಕಿದ್ದು ಅಲ್ಲಿ ಕಾಣ್ತಿತ್ತು. ಮಗ ತಕ್ಷಣ ಸ್ಪೀಕರ್ ಹಾಕಿ ಫೋನ್ ಮಾಡಿದ.

"ಚಿಕ್ಕಪ್ಪಾ, ಆ ಫೋನಲ್ಲಿ..."

"ಅಯ್ಯೋ, ನಾನೇ ಹೇಳೋಣ ಅಂತಿದ್ದೆ ಕಣೋ!" ಚಿಕ್ಕಪ್ಪನ ದನಿ ನಡುಗುತ್ತಿತ್ತು. "ಅಣ್ಣ ಇದರೊಳಗೇ ಅವ್ನೆ. ನಿನ್ನೆ 'ಮನೆ ಬಿಡದ ದೆವ್ವ ಓಡಿಸೋದು ಹೇಗೆ' ಅಂತ ಹುಡುಕವ್ನೆ."

ಮಗ ನನ್ನ ಮುಖ ನೋಡಿದ. ನಿನ್ನೆ ಈ ಕಂಪ್ಯೂಟರಿನಲ್ಲಿ ಹಾಗೆ ಹುಡುಕಿದ್ದವನು ಅವನೇ.

ಚಿಕ್ಕಪ್ಪ ದನಿ ತಗ್ಗಿಸಿದರು. "ಪಾಪ, ಸತ್ತ ಮೇಲೂ ಅವನಿಗೆ ಯಾವ್ದೋ ದೆವ್ವದ ಕಾಟ ಕಣೋ!"