ಹನ್ನೆರಡು ಕಿಲೋದ ಕರಾರು

ಹನ್ನೆರಡು ಕಿಲೋ ನಾನು ಇಳಿಸಬೇಕು, ಎರಡು ಮಾತ್ರೆ ಡಾಕ್ಟರಮ್ಮ ನಿಲ್ಲಿಸಬೇಕು; ಅವಧಿ ಒಂದು ವರ್ಷ. ಸಕ್ಕರೆ ಕಾಯಿಲೆಯವರು ಊಟ, ವ್ಯಾಯಾಮದಿಂದ ತೂಕ ಇಳಿಸಿದರೆ ಮಾತ್ರೆ ಬಿಡಬಹುದೇ ಎಂದು ಮಣಿಪಾಲದಲ್ಲಿ ಸಂಶೋಧನೆ ಮಾಡುತ್ತಿದ್ದ ಡಾಕ್ಟರಮ್ಮ, "ಬಿಡಬಹುದು, ಬಿಡಲಿಕ್ಕೆ ಆಗದೆಯೂ ಇರಬಹುದು. ಗ್ಯಾರಂಟಿ ಇಲ್ಲ" ಎಂದರು. ಕಾಪುವಿನಲ್ಲಿ ಮೂವತ್ತು ವರ್ಷದಿಂದ ಕುಚ್ಚಲಕ್ಕಿ ಮಾರುವವನು ನಾನು. ಗ್ಯಾರಂಟಿ ಇಲ್ಲದ ವ್ಯಾಪಾರ ಹೊಸತಲ್ಲ. ಅಪ್ಪನ ಒಂದು ಕಾಲನ್ನು ಇದೇ ಕಾಯಿಲೆ ತೆಗೆದುಕೊಂಡಿತ್ತು. ನನಗೆ ಎರಡೂ ಬೇಕಿತ್ತು. ಸಹಿ ಹಾಕಿದೆ. ಜನ್ಮವಿಡೀ ಬೇರೆಯದನ್ನು ತೂಗಿದವನು ತಾನೇ ತಕ್ಕಡಿ ಹತ್ತಿದರೆ ಒಂದಲ್ಲ ಒಂದು ಪ್ರಸಂಗ ನಡೆಯುತ್ತಲೇ ಇರುತ್ತದೆ.

ಮೊದಲ ತೂಕ

ಮೊದಲ ದಿನ ಎಷ್ಟು ಹೆಚ್ಚು ತೂಗುತ್ತೇನೋ ಕೊನೆಗೆ ಅಷ್ಟು ಹೆಚ್ಚು ಇಳಿದ ಹಾಗೆ. ಇದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದಪ್ಪ ಪ್ಯಾಂಟು, ಎರಡು ಮೊಬೈಲು, ಗೋದಾಮಿನ ಬೀಗದ ಕೈಗಳ ಗೊಂಚಲು. ಸಾಲದೆಂದು ಕಿಸೆಯಲ್ಲಿ ಅಂಗಡಿಯ ತಕ್ಕಡಿಗೆ ಇಡುವ ಒಂದು ಕಿಲೋ ಕಬ್ಬಿಣದ ಬಟ್ಟು.

ತೂಕ ನೋಡುವ ಹುಡುಗಿ ಒಂದು ಟ್ರೇ ಮುಂದಿಟ್ಟಳು. "ಕಿಸೆಯಲ್ಲಿರುವುದನ್ನೆಲ್ಲ ಇದರಲ್ಲಿ ಹಾಕಿ ಸರ್."

ಹಾಕಿದೆ. ಬಟ್ಟು ಢಣ್ ಎಂದಿತು. ಅವಳು ನಗಲಿಲ್ಲ. "ನೀವು ವ್ಯಾಪಾರಿ ಅಲ್ವಾ ಸರ್? ಮೇಷ್ಟ್ರುಗಳಾದರೆ ಕಿಸೆಯಲ್ಲಿ ಪುಸ್ತಕ ತುಂಬಿಕೊಂಡು ಬರುತ್ತಾರೆ."

ಒಂದು ಕಪ್

ಊಟಕ್ಕೆ ಒಂದು ಕಪ್ ಅನ್ನ ಎಂದು ಚೀಟಿಯಲ್ಲಿ ಬರೆದಿದ್ದರು. ಹೆಂಡತಿ ದಿನಾ ಒಂದು ಕಪ್ ಅಕ್ಕಿ ಅಳೆದು, ಬೇಯಿಸಿ, ಪೂರ್ತಿ ನನಗೇ ಬಡಿಸಿದಳು. ಬಟ್ಟಲಿನ ತುಂಬ ಬಿಸಿ ಅನ್ನ, ಅದರ ಹಬೆ. ಮಧ್ಯಾಹ್ನ ಗಲ್ಲಾದಲ್ಲಿ ಕೂತಲ್ಲೇ ಕಣ್ಣು ಮುಚ್ಚುತ್ತಿತ್ತು. ಅಕ್ಕಿ ಮೂಟೆಗಳು ಮೆಲ್ಲಗೆ ಉಸಿರಾಡಿ, ಒಂದೊಂದಾಗಿ ಎದ್ದು ಬಾಗಿಲು ದಾಟಿ ಸಮುದ್ರದ ಕಡೆಗೆ ತೇಲಿಹೋದ ಹಾಗೆ ಕಾಣುತ್ತಿತ್ತು. ಇಂಥ ಪಥ್ಯ ಜೀವನವಿಡೀ ಮಾಡಬಹುದು ಅನ್ನಿಸಿತು.

ಮೂರು ವಾರದ ಮೇಲೆ ತೂಕ ನೋಡುವ ಹುಡುಗಿ ಫೋನು ಮಾಡಿದಾಗ ಸಂಗತಿ ಹೊರಬಿತ್ತು. ಒಂದು ಕಪ್ ಎಂದರೆ ಬೆಂದ ಅನ್ನ.

ಹೆಂಡತಿ ನನ್ನನ್ನೇ ನೋಡಿದಳು. "ಅಕ್ಕಿ ಬೆಂದರೆ ಮೂರು ಪಾಲು ಆಗುತ್ತದೆ ಎಂದು ಗಿರಾಕಿಗಳಿಗೆಲ್ಲ ಹೇಳುವವರು ನೀವು. ನಿಮಗೆ ಗೊತ್ತಾಗಲಿಲ್ಲವಾ?"

ಮೊದಲ ದಿನವೇ ಗೊತ್ತಾಗಿತ್ತು. ಆದರೆ ಹೆಚ್ಚು ಬಂದ ಮಾಲಿನ ಬಗ್ಗೆ ವ್ಯಾಪಾರಿ ತಾನಾಗಿ ಬಾಯಿ ಬಿಡುವುದಿಲ್ಲ.

ಬಲೆ

ಬೆಳಿಗ್ಗೆ ಮುಕ್ಕಾಲು ಗಂಟೆ ಕಡಲ ದಂಡೆಯಲ್ಲಿ ನಡಿಗೆ. ಆ ಹೊತ್ತಿಗೆ ನೀರು ಯಾವುದು, ಆಕಾಶ ಯಾವುದು ಗೊತ್ತಾಗುವುದಿಲ್ಲ. ದೀಪಸ್ತಂಭವೂ ಮಂಜಿನಲ್ಲಿ ಅರ್ಧ ಕರಗಿರುತ್ತದೆ. ನಾನೂ ಅರೆನಿದ್ದೆಯಲ್ಲೇ ನಡೆಯುತ್ತಿದ್ದೆ. ಕೈರಂಪಣಿ ಬಲೆಯನ್ನು ದಡಕ್ಕೆ ಎಳೆಯುತ್ತಿದ್ದ ಪರಿಚಯದ ಮೊಗವೀರರೊಬ್ಬರು ಕರೆದರು. "ಧಣಿ, ಸುಮ್ಮನೆ ಆಚೆ ಈಚೆ ಹೋಗಿ ಎಂತ ಲಾಭ? ಹಗ್ಗಕ್ಕೆ ಕೈ ಹಾಕಿ."

ಹಾಕಿದೆ. ಹಗ್ಗ ಹಿಡಿದವರಿಗೆಲ್ಲ ಮೀನಿನ ಪಾಲು ಕೊಡುವುದು ಅವರ ಕ್ರಮ. ನಾನು ಹೆಗಲಿನಿಂದ ತೆಗೆದು ಒಡ್ಡಿದ ಬೈರಾಸಿಗೂ ಹತ್ತು ಬಂಗುಡೆ ಬಿತ್ತು. ದಿನಾ ಹೋದೆ. ವಾರ ಕಳೆದ ಮೇಲೆ ನಾಲ್ಕೇ ಬಿತ್ತು.

"ಇದೆಂತ ಮಾರಾಯ, ಕಡಿಮೆ?"

"ನೀವು ಕಣ್ಣು ಮುಚ್ಚಿಕೊಂಡು ಹಗ್ಗಕ್ಕೆ ಜೋತು ಬೀಳುತ್ತೀರಿ ಧಣಿ. ಬಲೆಯ ಜೊತೆ ನಿಮ್ಮನ್ನೂ ನಾವೇ ಎಳೆಯುತ್ತಿದ್ದೇವೆ. ಆ ಕೂಲಿ ಹಿಡಿದುಕೊಂಡೆ."

ಹತ್ತು ಕಿಲೋ ಮೂಟೆ

ಎಂಟನೆಯ ತಿಂಗಳಲ್ಲಿ ಹತ್ತು ಕಿಲೋ ಇಳಿದಿತ್ತು. ಅಂಗಡಿಯಲ್ಲಿ ಮೂಟೆ ಹೊರುವ ಬಾಗಲಕೋಟೆಯವರೊಬ್ಬರಿಗೆ ಹೇಳಿಕೊಂಡೆ. ಅವರು ಹತ್ತು ಕಿಲೋದ ಮೂಟೆಯೊಂದನ್ನು ನನ್ನ ಹೆಗಲಿಗಿಟ್ಟು, "ಗೋದಾಮಿನ ತನಕ ಹೋಗಿ ಬರ್ರಿ" ಎಂದರು. ಬರುವಷ್ಟರಲ್ಲಿ ಏದುಸಿರು.

"ಇದನ್ನ ಎಷ್ಟು ವರ್ಷ ಹೊತ್ತೀರಿ?"

"ಇಪ್ಪತ್ತು ಇರಬಹುದು."

ಅವರು ಮೂಟೆಯನ್ನು ನನ್ನ ಹೆಗಲಿನಿಂದ ಇಳಿಸಿಕೊಂಡರು. "ಹಮಾಲಿ ಯಾರು ಕೊಟ್ರು ಸಾವ್ಕಾರ್ರ?"

ಕೊನೆಯ ತೂಕ

ವರ್ಷ ತುಂಬಿದ ದಿನ ತೆಳು ಪಂಚೆ ಉಟ್ಟು, ಕನ್ನಡಕವನ್ನೂ ತೆಗೆದಿಟ್ಟು ತೂಕದ ಮೇಲೆ ನಿಂತೆ. ಹೆಂಡತಿಯೂ ಜೊತೆಗೆ ಬಂದಿದ್ದಳು. ಇಳಿದದ್ದು ಹನ್ನೊಂದು ಕಿಲೋ ನಾನೂರು ಗ್ರಾಂ. ಆರುನೂರು ಗ್ರಾಂ ಬಿಟ್ಟುಕೊಡಿ ಎಂದು ಚೌಕಾಸಿಗಿಳಿದೆ. ಡಾಕ್ಟರಮ್ಮ ರಕ್ತದ ವರದಿಯಿಂದ ತಲೆಯೆತ್ತಲಿಲ್ಲ.

"ಸಕ್ಕರೆ ಚೆನ್ನಾಗಿ ಇಳಿದಿದೆ. ಎರಡೂ ಮಾತ್ರೆ ನಿಲ್ಲಿಸಿ ನೋಡುವ. ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಬರಬೇಕು. ತೂಕ ಏರಿದರೆ ಕಾಯಿಲೆಯೂ ಬರುತ್ತದೆ."

ನನ್ನ ಕಾಲುಗಳನ್ನು ಒಮ್ಮೆ ನೋಡಿಕೊಂಡೆ. ಎರಡೂ ನೆಲದ ಮೇಲೆಯೇ ಇದ್ದವು, ಆದರೂ ತೇಲುತ್ತಿದ್ದ ಹಾಗಿತ್ತು.

"ಬರೆದುಕೊಳ್ಳಬೇಕು, ಯಾವುದು ಹೆಚ್ಚು ಉಪಯೋಗಕ್ಕೆ ಬಂತು?" ಎಂದು ಕೇಳಿದರು ಡಾಕ್ಟರಮ್ಮ.

"ನನ್ನ ಶಿಸ್ತು" ಎಂದೆ.

ಹೆಂಡತಿ ಕೆಮ್ಮಿದಳು. "ಡಾಕ್ಟ್ರೇ, ಅಂಗಡಿಯಲ್ಲಿ ಅಕ್ಕಿ ಅಳೆಯುವ, ತಳ ಒಳಕ್ಕೆ ಉಬ್ಬಿದ ಹಳೆಯ ಪಾವು ಒಂದು ಉಂಟು. ಅಳತೆ ಕಡಿಮೆ ಬರುತ್ತದೆ ಎಂದು ಇವರೇ ಮೂಲೆಗೆ ಬಿಸಾಡಿದ್ದು. ಹನ್ನೊಂದು ತಿಂಗಳಿಂದ ಇವರ ಅನ್ನ ಅಳೆಯುವುದು ಅದರಲ್ಲೇ. ಒಂದು ಕಪ್ ಅಂದುಕೊಂಡು ಇವರು ತಿಂದದ್ದು ಮುಕ್ಕಾಲು."

ಡಾಕ್ಟರಮ್ಮ, ದಿನಾ ತಿಂದದ್ದನ್ನು ನಾನು ಬರೆದಿಡುತ್ತಿದ್ದ ಊಟದ ಪುಸ್ತಕ ತೆರೆದರು. ಪ್ರತಿ ಪುಟದಲ್ಲೂ ನನ್ನದೇ ಅಕ್ಷರದಲ್ಲಿ 'ಅನ್ನ ಒಂದು ಕಪ್'. ಪೆನ್ನು ಕೆಳಗಿಟ್ಟರು. "ಇದನ್ನು ಸಂಶೋಧನೆಯಲ್ಲಿ ಎಂತ ಅಂತ ಬರೆಯಲಿ ನಾನು?"

"ಅಳತೆಯಲ್ಲಿ ಮೋಸ ಅಂತ ಬರೆಯಿರಿ" ಎಂದಳು ಹೆಂಡತಿ.

ಒಟ್ಟು ಪಡೆದದ್ದು: ಎರಡು ಮಾತ್ರೆಯಿಂದ ಬಿಡುಗಡೆ, ಎರಡು ಕಾಲು, ಮತ್ತು ನನಗಿಂತ ಒಳ್ಳೆಯ ವ್ಯಾಪಾರಿ ಒಬ್ಬಳು.