ಮೇಲಕ್ಕೆ ಬೀಳುವ ಲಿಫ್ಟ್

ನಮ್ಮ ಕಟ್ಟಡದ ಸಂಘಕ್ಕೆ ಕಾರ್ಯದರ್ಶಿಯಾಗಬೇಡಿ ಎಂದು ನನ್ನ ಹೆಂಡತಿ ಕೈಮುಗಿದು ಬೇಡಿಕೊಂಡಿದ್ದಳು. (ಅವಳು ನನಗೆ ಕೈಮುಗಿದದ್ದು ಅದೇ ಮೊದಲು. ಆ ಸಂಭ್ರಮದಲ್ಲಿ ಏನು ಬೇಡಿಕೊಂಡಳೆಂಬುದೇ ನನ್ನ ತಲೆಗೆ ಹೋಗಲಿಲ್ಲ.) ಆದರೂ ನಾನು ಆದೆ. ಅದಕ್ಕೆ ಕಾರಣ ಅಮ್ಮ.

ನಮ್ಮದು ಕೊನೆಯ ಮಹಡಿ. ಅಮ್ಮನದು ಮಂಡಿನೋವು, ಮೆಟ್ಟಿಲೆಂದರೆ ಆಗದ ಮಾತು. ಒಂದು ದಿನ ಅಮ್ಮ ಒಬ್ಬಳೇ ಲಿಫ್ಟಿನಲ್ಲಿ ಬರುತ್ತಿದ್ದಾಗ ಅದು ನಮ್ಮ ಬಾಗಿಲ ಬಳಿ ನಿಲ್ಲದೆ ಇನ್ನೂ ಮೇಲಕ್ಕೆ ಜಾರಿ ಗಕ್ಕನೆ ಸಿಕ್ಕಿಕೊಂಡಿತು. ಏಟೇನೂ ಆಗಲಿಲ್ಲ. ಆದರೆ ಆಮೇಲೆ ಅಮ್ಮ ಲಿಫ್ಟಿನ ಹತ್ತಿರ ಸುಳಿಯಲಿಲ್ಲ. ಸಂಜೆಯಾದರೆ ಕಿಟಕಿಯಲ್ಲಿ ಕೂತು, ಕೆಳಗಿನ ಅಂಗಳದಲ್ಲಿ ಗೆಳತಿಯರು ಹರಟುವುದನ್ನು ನೋಡುತ್ತಿದ್ದಳು. ಅಷ್ಟು ಎತ್ತರಕ್ಕೆ ಮಾತು ಕೇಳಿಸುವುದಿಲ್ಲ. ಅವರು ನಕ್ಕಾಗ ಅಮ್ಮನೂ ಸುಮ್ಮನೆ ನಗುತ್ತಿದ್ದಳು. ಅದನ್ನು ಕಂಡು ನನಗೆ ತುಂಬಾ ಸಂಕಟವಾಗುತ್ತಿತ್ತು. ಲಿಫ್ಟ್ ಸರಿಮಾಡಿಸಲೆಂದೇ ಕಾರ್ಯದರ್ಶಿಯಾದೆ.

ಅಷ್ಟರಲ್ಲಿ ಹಳೆಯ ಲಿಫ್ಟುಗಳಿಗೆಲ್ಲ ಹೊಸ ಜೋಡಿ ಬ್ರೇಕ್ ಹಾಕಿಸಲೇಬೇಕೆಂಬ ಸುರಕ್ಷತಾ ನಿಯಮ ಬಂತು. ನಾನು ಹಿಗ್ಗಿಹೋದೆ. ಮಿಕ್ಕವರು ಮುಖ ಸಿಂಡರಿಸಿದರು, ಏಕೆಂದರೆ ಕೆಲಸ ಮುಗಿಯುವವರೆಗೆ ಲಿಫ್ಟ್ ಬಂದ್.

"ಇಷ್ಟು ವರ್ಷ ಯಾರೂ ಬಿದ್ದಿಲ್ವಲ್ಲ?" ಎಂದರು ಎದುರುಮನೆ ಮೇಷ್ಟ್ರು.

ಆಗ ನನಗೊಂದು ದಿವ್ಯವಾದ ಉಪಾಯ ಹೊಳೆಯಿತು. ಎಲ್ಲರನ್ನೂ ನಮ್ಮ ನಡುಮನೆಗೆ ಕರೆದು, ಕರ್ಟನ್ ಕಂಬಿಯ ಮೇಲೆ ಹಗ್ಗ ಹಾಯಿಸಿ, ಒಂದು ತುದಿಗೆ ಖಾಲಿ ಸಕ್ಕರೆ ಡಬ್ಬಿ, ಇನ್ನೊಂದಕ್ಕೆ ಇಸ್ತ್ರಿಪೆಟ್ಟಿಗೆ ಕಟ್ಟಿದೆ. "ಡಬ್ಬಿ ಅಂದ್ರೆ ಲಿಫ್ಟು. ಇಸ್ತ್ರಿಪೆಟ್ಟಿಗೆ ಅಂದ್ರೆ ಅದನ್ನ ತೂಗೋ ಎದುರುಭಾರ. ಹಗ್ಗ ಹಿಡಿದಿರೋ ನನ್ನ ಕೈಯೇ ಬ್ರೇಕು. ಈಗ ಬ್ರೇಕ್ ಹೋಯ್ತು ಅನ್ಕೊಳ್ಳಿ..."

ಕೈ ಬಿಟ್ಟೆ. ಡಬ್ಬಿ ಚಂಗನೆ ಹಾರಿ ಕಂಬಿಗೆ ಬಡಿದು ಸೊಟ್ಟಗಾಯಿತು.

"ನೋಡಿದ್ರಾ? ಖಾಲಿ ಲಿಫ್ಟು ಕೆಳಕ್ಕೆ ಬೀಳಲ್ಲ ಸ್ವಾಮೀ, ಮೇಲಕ್ಕೆ ಬೀಳುತ್ತೆ!"

"ನನ್ನ ಇಸ್ತ್ರಿಪೆಟ್ಟಿಗೆ ಮಾತ್ರ ಕೆಳಕ್ಕೇ ಬಿತ್ತಲ್ರೀ!" ಎಂದು ಹೆಂಡತಿ ಕಿರುಚಿದಳು.

ಮೇಷ್ಟ್ರು ಕಾಲು ಮಡಚಿಕೊಂಡಿದ್ದರಿಂದ ಬಚಾವಾದರು. ಅಲ್ಲೇ ಒಪ್ಪಿಗೆ ಕೊಟ್ಟರು. ಒಪ್ಪದವರ ಮನೆಮನೆಗೂ ಹೋಗಿ, ಸವೆದ ಬ್ರೇಕಿನ ಪಟ್ಟಿ, ಸೋತ ಸ್ಪ್ರಿಂಗು, ಎಣ್ಣೆ ತಾಗಿ ಜಾರುವ ಚಕ್ರ ಎಂದು ಲಿಫ್ಟಿನ ಸಕಲ ರೋಗಗಳನ್ನೂ ವರ್ಣಿಸಿದೆ. ಹೇಳುತ್ತ ಹೇಳುತ್ತ ನನಗೇ ಮೈ ಜುಮ್ಮೆನ್ನುತ್ತಿತ್ತು. ವಾಕ್ಚಾತುರ್ಯವೆಂದರೆ ಇದೇ ಇರಬೇಕೆಂದು ಬೀಗಿದೆ.

ಲಿಫ್ಟ್ ನಿಂತಿತು. ಇಡೀ ಕಟ್ಟಡ ಏದುಸಿರು ಬಿಡುತ್ತ ನನ್ನನ್ನು ಬೈಯಿತು. ತರಕಾರಿ ಚೀಲ ಹೊತ್ತ ಹೆಂಡತಿ ಒಂದೊಂದು ಮಹಡಿಯಲ್ಲೂ ನಿಂತು, ಆಯಾ ಮಹಡಿಯವರೊಡನೆ ಸೇರಿಕೊಂಡು ಬೈದಳು. ನಾನು ಸಹಿಸಿಕೊಂಡೆ. ಅಮ್ಮ ಕೆಳಗಿಳಿಯಬೇಕು, ನನಗೆ ಅಷ್ಟೇ ಬೇಕಿತ್ತು.

ಕೊನೆಗೂ ಆ ದಿನ ಬಂತು. ಮೆಕ್ಯಾನಿಕ್ ಲಿಫ್ಟಿನ ತುಂಬ ಕಬ್ಬಿಣದ ತೂಕ ಪೇರಿಸಿ, ಎರಡು ಬ್ರೇಕುಗಳಲ್ಲಿ ಒಂದನ್ನು ಬೇಕೆಂದೇ ಬಿಡಿಸಿ ಪರೀಕ್ಷೆ ಮಾಡಿದ. ಲಿಫ್ಟ್ ಅಲ್ಲಾಡಲಿಲ್ಲ. ತೂಕವನ್ನೆಲ್ಲ ಇಳಿಸಿದ ಮೇಲೆ ನಾನು ಅಮ್ಮನ ಕೈಹಿಡಿದು ಲಿಫ್ಟಿನ ಬಾಗಿಲಿಗೆ ಕರೆತಂದೆ. ಧೈರ್ಯ ತುಂಬಲೆಂದು ಒಂದು ಪುಟ್ಟ ಭಾಷಣವನ್ನೂ ಸಿದ್ಧಮಾಡಿದ್ದೆ.

"ಒಂದು ಹೋದ್ರೂ ಇನ್ನೊಂದು ಹಿಡಿಯುತ್ತೇನಪ್ಪಾ?" ಅಮ್ಮ ಮೆಕ್ಯಾನಿಕ್‌ನನ್ನು ಕೇಳಿದಳು.

"ಹಿಡಿಯುತ್ತಮ್ಮ."

"ಹಾಗಾದ್ರೆ ಸರಿ," ಎಂದು ಅಮ್ಮ ಸಲೀಸಾಗಿ ಒಳಗೆ ನಡೆದಳು. ಹಿಂದೆಯೇ ಹೆಂಡತಿ.

ನಾನು ಕಾಲೆತ್ತಲು ಹೋದೆ. ಕಾಲು ಬರಲಿಲ್ಲ. ಮನೆಮನೆಗೂ ಹಂಚಿದ್ದ ಸ್ಪ್ರಿಂಗು, ಪಟ್ಟಿ, ಎಣ್ಣೆಗಳೆಲ್ಲ ಒಟ್ಟಾಗಿ ನನ್ನ ಕಣ್ಣಮುಂದೆ ಬಂದು ಸಾಲಾಗಿ ನಿಂತವು.

"ನೀವು ಹೋಗಿರಿ. ಬಾಗಿಲು ಸರಿಯಾಗಿ ಮುಚ್ಚುತ್ತಾ ಅಂತ ನಾನು ಹೊರಗಿಂದ ನೋಡ್ತೀನಿ."

"ಭಯಾನಾ?" ಎಂದಳು ಹೆಂಡತಿ.

"ಛೆ! ಭಾರ ಜಾಸ್ತಿಯಾಗುತ್ತೆ ಅಂತ."

"ಅಷ್ಟು ಕಬ್ಬಿಣ ಹೊತ್ತಿದ್ದು ನಿಮ್ಮನ್ನ ಹೊರಲ್ವಾ?"

ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮೇಷ್ಟ್ರು ಕಿಸಕ್ಕೆಂದರು. ಅಮ್ಮ ನಗಲಿಲ್ಲ. ಕೈ ಚಾಚಿ, "ಬಾರೋ. ಕಣ್ಣು ಮುಚ್ಕೊಂಡು ಬಾ. ಹೆದರಿಕೆ ಎಲ್ಲರಿಗೂ ಆಗುತ್ತೆ," ಎಂದಳು. ನಾನು ಮುಚ್ಚಿದ ಕಣ್ಣನ್ನು ತೆರೆದದ್ದು ನೆಲಮಹಡಿಯಲ್ಲೇ.

ಅಮ್ಮನನ್ನು ಕಂಡ ಗೆಳತಿಯರು ಓಡಿಬಂದು ಸುತ್ತುವರಿದರು. "ಎಲ್ಲಿಗೆ ಹೋಗಿದ್ರಿ ಇಷ್ಟು ದಿನ?"

"ಏನ್ ಮಾಡ್ಲಿ," ಎಂದಳು ಅಮ್ಮ, ನನ್ನ ಕೈ ಬಿಡದೆ. "ನನ್ನ ಮಗನಿಗೆ ಲಿಫ್ಟ್ ಅಂದ್ರೆ ಭಯ. ಪಾಪ, ಅವನನ್ನ ಬಿಟ್ಟು ಹೇಗೆ ಬರ್ಲಿ?"

ನಾನು ಬಾಯಿ ತೆರೆದೆ. ಅಮ್ಮ ಅಂಗೈ ಒತ್ತಿದಳು.

"ಹೌದು," ಎಂದೆ.

"ಅಯ್ಯೋ ಮಗೂ!" ಎಂದು ಹಿರಿಯಾಕೆಯೊಬ್ಬರು ನನ್ನ ತಲೆ ಸವರಿದರು. "ದಿನಾ ಸಂಜೆ ಅಮ್ಮನ ಜೊತೆ ಇಳಿದು ಅಭ್ಯಾಸ ಮಾಡ್ಕೋ."

ಮಾಡಿಕೊಳ್ಳುತ್ತಿದ್ದೇನೆ.