ನಾಲ್ಕನೇ ಕೊಳವೆಯ ನೀರು

ಏನೂ ಇರಬಾರದ ಜಾಗದಲ್ಲಿ ಎರಡು ಗೆರೆ ಮೂಡಿದ್ದೇ ತಕರಾರಿಗೆ ಮೂಲವಾಯಿತು.

ಜೀವಕೋಶ ಪ್ರಯೋಗಾಲಯದ ತರಬೇತಿಯ ಕೊನೆಯ ದಿನ ಅದು. ಒಬ್ಬೊಬ್ಬರಿಗೂ ನಾಲ್ಕು ಪುಟ್ಟ ಕೊಳವೆ. ಮೂರಕ್ಕೆ ಡಿಎನ್‌ಎ, ನಾಲ್ಕನೆಯದಕ್ಕೆ ಅದರ ಬದಲು ಬರೀ ನೀರು. ಯಂತ್ರದಲ್ಲಿ ಬೇಯಿಸಿ ಚಿತ್ರ ತೆಗೆದರೆ ಕೊಳವೆಗೊಂದು ಸಾಲು; ಡಿಎನ್‌ಎ ಇದ್ದ ಸಾಲಲ್ಲಿ ಗೆರೆ ಬೆಳಗಬೇಕು, ನೀರಿನ ಸಾಲು ಕಪ್ಪಗೇ ಉಳಿಯಬೇಕು. ಆದರೆ ಪತ್ತೇದಾರನ ನೀರು ಹುಣ್ಣಿಮೆಯ ಹಾಗೆ ಹೊಳೆಯುತ್ತಿತ್ತು. ಪೆನ್ನು ಕಳೆದರೂ ಕಟ್ಟಡವನ್ನೆಲ್ಲ ಅನುಮಾನಿಸುತ್ತಿದ್ದುದಕ್ಕೆ ಜೊತೆಗಾರರು ಅವನಿಗಿಟ್ಟ ಹೆಸರು ಪತ್ತೇದಾರ.

"ಸಂಜೆಯೊಳಗೆ ಇನ್ನೊಂದ್ಸಲ ಮಾಡು," ಅಂದರು ತರಬೇತಿಯ ಮೇಡಂ. "ಆಗ್ಲೂ ಕೆಟ್ರೆ ಪ್ರಮಾಣಪತ್ರ ಇಲ್ಲ. ಮುಂದಿನ ತಂಡದ ಜೊತೆ ಮೊದಲಿಂದ ಶುರು."

"ಇದು ಯಾರೋ ಬೇಕಂತ್ಲೇ ಮಾಡಿರೋದು ಮೇಡಂ! ನಿನ್ನೆ ಈ ಲಂಬೂ ಎರಡು ಸಲ ಸೀನಿದ್ದಾನೆ. ಅದೂ ನನ್ನ ಕಡೆಗೇ!"

"ಸೀನೋಕೂ ನಿನ್ನ ಅಪ್ಪಣೆ ಬೇಕೇನೋ?" ಎಂದ ಲಂಬೂ, ತಂಡದಲ್ಲೇ ಎತ್ತರದ ಹುಡುಗ.

"ಇವಳು ದ್ರವ ಹಾಕೋ ನನ್ನ ಪಿಪೆಟ್ ಇಸ್ಕೊಂಡು ನಕ್ಕಳು."

"ಮುಖ ನೋಡಿದ್ರೆ ನಗು ಬರುತ್ತಪ್ಪ, ನಾನೇನ್ ಮಾಡ್ಲಿ?" ಎಂದಳು ಪಕ್ಕದ ಮೇಜಿನ ಗುಂಗುರು ಕೂದಲಿನವಳು.

"ನನ್ನ ಕೆಲಸದಲ್ಲಿ ಲೋಪವೇ ಇಲ್ಲ ಮೇಡಂ. ಅಜ್ಜಿ ಕಲಿಸಿದ ಪದ್ಯ ಹೇಳ್ಕೊಂಡೇ ಮಾಡೋದು. ಆರು ಸಾಲು, ಆರು ದ್ರವ. ಸಾಲಿಗೊಂದರಂತೆ ಹಾಕ್ತೀನಿ, ತಪ್ಪೋ ಮಾತೇ ಇಲ್ಲ."

ಕಳೆದ ವಾರ ಎಲ್ಲರೂ ತಂತಮ್ಮ ಕೆನ್ನೆಯ ಒಳಗೆ ಕೆರೆದು ತೆಗೆದ ಡಿಎನ್‌ಎಯ ಚಿತ್ರಗಳು ಗೋಡೆಯ ಮೇಲಿದ್ದವು. ಒಬ್ಬೊಬ್ಬರ ಗೆರೆಗಳು ಒಂದೊಂದು ಎತ್ತರದಲ್ಲಿ. ತನ್ನ ನೀರಿನ ಸಾಲಿನ ಎರಡು ಗೆರೆ ಯಾರದಕ್ಕೆ ಹೊಂದುತ್ತವೆಂದು ನೋಡಲು ಪತ್ತೇದಾರ ಅಳತೆಪಟ್ಟಿ ಹಿಡಿದು ಹೊರಟ. ಲಂಬೂವಿನದು ಹೊಂದಲಿಲ್ಲ. ಗುಂಗುರಿನವಳದೂ ಇಲ್ಲ. "ತಪ್ಪು ತಿಳೀಬೇಡಿ" ಎನ್ನುತ್ತ ಮೇಡಂ ಅವರದಕ್ಕೂ ಹಿಡಿದ. ಊಹೂಂ.

"ಇದು ಹೊರಗಿನವರ ಕೈವಾಡ," ಎಂದು ತೀರ್ಪು ಕೊಟ್ಟ.

"ಇನ್ನೊಂದು ಚಿತ್ರ ಉಳೀತಲ್ಲಪ್ಪ," ಎಂದರು ಮೇಡಂ.

ಅದು ಅವನದೇ. ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಎರಡೂ ಗೆರೆ ಕರಾರುವಾಕ್ಕಾಗಿ ಕೂತವು.

"ಆ ಪದ್ಯ ಎಲ್ಲಿ ಹೇಳ್ತೀಯ?"

"ಯಾರಿಗೂ ಕೇಳಿಸ್ಬಾರ್ದಲ್ವಾ ಮೇಡಂ... ಬಗ್ಗಿ, ಕೊಳವೆ ಬಾಯಿ ಹತ್ರ."

"ಹಾಗಾದ್ರೆ ಭಕ್ತಿ ಜೊತೆ ಎಂಜಲೂ ಬಿದ್ದಿದೆ."

ಲಂಬೂ ಮೂರನೆಯ ಸಲ ಸೀನಿದ. ಈ ಬಾರಿ ನಗು ತಡೆಯಲಾರದೆ.

ಮಧ್ಯಾಹ್ನ ಪತ್ತೇದಾರ ಮುಖಗವಸಿನ ಮೇಲೆ ಮುಖಗವಸು ಬಿಗಿದುಕೊಂಡು ಕೂತ. ಪದ್ಯ ನಾಲಿಗೆಯ ತುದಿಗೆ ಬಂದಾಗಲೆಲ್ಲ ಹಲ್ಲು ಕಚ್ಚಿದ. ಮನಸ್ಸಿನಲ್ಲೂ ಹೇಳಲಿಲ್ಲ, ತುಟಿ ಅಲುಗಿಬಿಟ್ಟರೆ? ಆದರೂ ಗುಮಾನಿ ಸಾಯಲಿಲ್ಲ. ಒಂದು ಕಣ್ಣು ಲಂಬೂವಿನ ಮೂಗಿನ ಮೇಲೆ, ಇನ್ನೊಂದು ಗುಂಗುರಿನವಳ ಕೈಮೇಲೆ.

ಸಂಜೆ ಚಿತ್ರ ಬಂತು. ನಾಲ್ಕನೇ ಸಾಲು ಕಪ್ಪು, ಕಾಡಿಗೆಗಪ್ಪು!

"ಶುದ್ಧ! ಮೇಡಂ, ನೀರು ಶುದ್ಧ!" ಎಂದು ಕುಣಿದ.

"ಹೌದು," ಎಂದರು ಮೇಡಂ. "ಉಳಿದ ಮೂರೂ ಅಷ್ಟೇ ಶುದ್ಧ."

ನಾಲ್ಕೂ ಸಾಲು ಕರೆಂಟು ಹೋದ ಬೀದಿಯಂತಿದ್ದವು. ಆರು ದ್ರವಗಳಲ್ಲಿ ಒಂದಾದ, ಡಿಎನ್‌ಎ ನಕಲು ಮಾಡುವ ಎಂಜೈಮ್ ಬೀಳದೆ ಗೆರೆ ಮೂಡುವುದೇ ಇಲ್ಲ. ಪತ್ತೇದಾರ ಗರ್ರನೆ ತಿರುಗಿದ.

"ನನ್ನ ಎಂಜೈಮ್ ಯಾರು ಕದ್ರಿ?"

ಗುಂಗುರಿನವಳು ಅವನ ಐಸ್ ಡಬ್ಬಿಯಿಂದಲೇ ಎಂಜೈಮಿನ ಕೊಳವೆ ಎತ್ತಿ ತೋರಿಸಿದಳು. ಮಧ್ಯಾಹ್ನ ಮೇಡಂ ಕೊಟ್ಟ ಹೊಸದು. ಮುಚ್ಚಳದ ಅಂಟುಪಟ್ಟಿ ಕೂಡ ಹರಿದಿರಲಿಲ್ಲ.

ಪತ್ತೇದಾರ ಎರಡೂ ಮುಖಗವಸು ಮೆಲ್ಲಗೆ ಕೆಳಗಿಳಿಸಿದ.

"ಅದು ಪದ್ಯದ ಆರನೇ ಸಾಲಿಗೆ ಬರ್ತಿತ್ತು, ಮೇಡಂ."